ಮೂರು ವರ್ಷದ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಮಾಡಿಸಿಕೊಡ್ತೀವಿ ಅಂದ್ರೆ ನಂಬಬೇಡಿ

ಗಂಗಾವತಿ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರು ಯಾರಾದರೂ ವಿದೇಶಕ್ಕೆ ಹೋಗಿ ಅಲ್ಲಿ ಕಾರು ಬಾಡಿಗೆಗೆ ತಗೊಂಡು ಓಡಿಸಬೇಕು ಅಂತ ಯೋಚನೆ ಮಾಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ನಿಮಗೆ ಆಗಬಾರದು.

2024ರ ನವೆಂಬರ್‌ನಲ್ಲಿ ನಾನು, ನಮ್ಮ ಮನೆಯವರು ಜಪಾನಿಗೆ ಹೋಗಿದ್ದೆವು. ಮದುವೆಯಾಗಿ 16 ವರ್ಷ ಆಗಿತ್ತು. ಇಬ್ಬರೇ ಅಂತ ದೂರದ ಊರಿಗೆ ಹೊರಟಿದ್ದು ಅದೇ ಮೊದಲು. ಗಂಗಾವತಿಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಮುಂಗಾರಿನ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಅಂಗಡಿಯಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಅದಕ್ಕೇ ನವೆಂಬರ್ ಹಿಡಿದೆವು.

ಜಪಾನ್ ಯಾಕೆ ಅಂದರೆ, ಅಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುವುದು. ಇನ್ನೊಂದು, ಶಿಮಾನಾಮಿ ಕೈದೋ ಅನ್ನುವ ಸೈಕಲ್ ದಾರಿ. ಒನೊಮಿಚಿ ಊರಿಂದ ಇಮಾಬಾರಿ ಊರಿನ ತನಕ ಸುಮಾರು 70 ಕಿಲೋಮೀಟರ್. ನಡುವೆ ಆರು ದ್ವೀಪ. ಒಂದು ದ್ವೀಪದಿಂದ ಇನ್ನೊಂದಕ್ಕೆ ಸಮುದ್ರದ ಮೇಲಿನ ಸೇತುವೆಯಲ್ಲಿ ಸೈಕಲ್ ತುಳಿದುಕೊಂಡೇ ಹೋಗಬಹುದು. ಆ ಫೋಟೋ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಹೈಸ್ಕೂಲ್ ಆದಮೇಲೆ ಸೈಕಲ್ ಮುಟ್ಟಿರಲಿಲ್ಲ ನಾನು. ಆರು ತಿಂಗಳು ಪ್ರತಿ ಭಾನುವಾರ ಬೆಳಗಿನ ಜಾವ ಆನೆಗುಂದಿ, ಸಾಣಾಪುರದ ಕಡೆ ಹೋಗಿ ತುಳಿದೆವು. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಭತ್ತದ ಗದ್ದೆ. ಮೊದಲ ವಾರ ಸಾಣಾಪುರ ಕೆರೆಯ ಏರು ಹತ್ತಲಾಗದೆ ಇಳಿದು ತಳ್ಳಿದ್ದೆ. ಸೆಪ್ಟೆಂಬರ್ ಹೊತ್ತಿಗೆ ನಿಲ್ಲದೆ ಹತ್ತುತ್ತಿದ್ದೆ.

ಯೋಜನೆ ಹೀಗಿತ್ತು. ಒಸಾಕಾದಲ್ಲಿ ಇಳಿದು ರೈಲಿನಲ್ಲಿ ಫುಕುಯಾಮಾಕ್ಕೆ ಹೋಗುವುದು. ಅಲ್ಲಿ ಕಾರು ತಗೊಂಡು ಶಿಕೋಕು ದ್ವೀಪ ಸುತ್ತುವುದು. ಇಯಾ ಕಣಿವೆಯಲ್ಲಿ ಎರಡು ರಾತ್ರಿ. ಅಲ್ಲಿ ಬಳ್ಳಿಯಿಂದ ಹೆಣೆದ ತೂಗುಸೇತುವೆ ಇದೆ, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಆಮೇಲೆ ಮತ್ಸುಯಾಮಾ. ಕೊನೆಗೆ ಕಾರು ಬಿಟ್ಟು ಎರಡು ದಿನ ಸೈಕಲ್. ಇಯಾ ಕಣಿವೆಗೆ ಬಸ್ಸು ಬಹಳ ಕಡಿಮೆ. ಕಾರು ಇದ್ದರೇನೇ ಅಲ್ಲಿ ಸುತ್ತಾಡಲು ಅನುಕೂಲ.

ಜಪಾನಿನಲ್ಲಿ ನಮ್ಮ ಲೈಸೆನ್ಸ್ ಒಂದೇ ಇದ್ದರೆ ಸಾಲದು, ಐಡಿಪಿ ಬೇಕು. ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಇದು ನಮಗೆ ಗೊತ್ತಿತ್ತು. ತಪ್ಪಿದ್ದು ಅದನ್ನು ಮಾಡಿಸಿದ ಜಾಗದಲ್ಲಿ.

ಬಳ್ಳಾರಿಯಲ್ಲಿ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ವಿಮಾನದ ಟಿಕೆಟ್ ಮಾಡಿಸಿದ್ದೆವು. ಐಡಿಪಿ ಮಾತು ಬಂದಾಗ ಅವನು ಹೇಳಿದ, “ಆರ್‌ಟಿಓಗೆ ಯಾಕ ಅಡ್ಡಾಡ್ತೀರಿ ಸರ್? ಅವ್ರು ಒಂದ ವರ್ಷದ್ದು ಕೊಡ್ತಾರ. ನಾ ಮೂರು ವರ್ಷದ್ದ ಮಾಡಿಸಿ ಕೊಡ್ತೀನಿ. ಇಡೀ ಜಗತ್ತಿನ್ಯಾಗ ನಡೀತದ.” ಒಬ್ಬರಿಗೆ 6,500 ರೂಪಾಯಿ. ಇಬ್ಬರದೂ ಸೇರಿ 13,000. ಫೋಟೋ, ಲೈಸೆನ್ಸಿನ ಪ್ರತಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಹತ್ತು ದಿನದಲ್ಲಿ ಕೊರಿಯರ್ ಬಂತು.

ಪುಸ್ತಕ ನೋಡಿದರೆ ಅನುಮಾನ ಬರುವ ಹಾಗೇ ಇರಲಿಲ್ಲ. ಬೂದು ಬಣ್ಣದ ರಟ್ಟು, ಮೇಲೆ ಬಂಗಾರದ ಅಕ್ಷರ, ಭೂಗೋಳದ ಚಿತ್ರ. ಒಳಗೆ ಹತ್ತಾರು ಭಾಷೆ. ಜೊತೆಗೆ ಎಟಿಎಂ ಕಾರ್ಡಿನಂಥ ಒಂದು ಪ್ಲಾಸ್ಟಿಕ್ ಕಾರ್ಡು, ಅದರ ಮೇಲೆ ಮಿಂಚುವ ಹೊಲೊಗ್ರಾಮ್. ನಮ್ಮ ಮನೆಯವರು ಅದನ್ನು ದೇವರ ಮುಂದೆ ಇಟ್ಟು ಕೈಮುಗಿದಿದ್ದರು.

ಫುಕುಯಾಮಾ ರೈಲು ನಿಲ್ದಾಣದ ಪಕ್ಕದಲ್ಲೇ ಕೋಟೆ ಇದೆ. ಕಾರಿನ ಕೌಂಟರ್‌ನಲ್ಲಿ ಕುಳಿತರೆ ಕಿಟಕಿಯಲ್ಲಿ ಅದರ ಗೋಪುರ ಕಾಣುತ್ತಿತ್ತು. ಕೌಂಟರ್‌ನಲ್ಲಿದ್ದ ಹುಡುಗಿ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ತಗೊಂಡಳು. ಆಮೇಲೆ ಐಡಿಪಿ ತೆರೆದಳು. ಒಂದು ಪುಟ, ಎರಡು ಪುಟ, ಮತ್ತೆ ಮೊದಲ ಪುಟ. ಒಳಗೆ ಹೋಗಿ ಪ್ಲಾಸ್ಟಿಕ್ ಹಾಕಿದ ಒಂದು ಹಾಳೆ ತಂದು ನಮ್ಮ ಮುಂದೆ ಇಟ್ಟಳು. ನಿಜವಾದ ಐಡಿಪಿ ಹೇಗಿರುತ್ತದೆ ಅನ್ನುವ ಚಿತ್ರ ಅದರಲ್ಲಿತ್ತು. ಅದರ ರಟ್ಟಿನ ಮೇಲೆ ‘1949’ ಅಂತ ಇದ್ದ ಕಡೆ ಬೆರಳಿಟ್ಟಳು. ಅದೇ ಬೆರಳನ್ನು ನಮ್ಮ ಪುಸ್ತಕದ ರಟ್ಟಿನ ಮೇಲೆ ತಂದಳು. ಅಲ್ಲಿ ಆ ವರ್ಷ ಇರಲಿಲ್ಲ. ಕೊಟ್ಟ ಸರ್ಕಾರಿ ಕಚೇರಿಯ ಹೆಸರು, ಸೀಲು ಇರಬೇಕಾದ ಕಡೆ ಒಂದು ರಬ್ಬರ್ ಮೊಹರು ಇತ್ತು. ಅದರಲ್ಲಿ ಭಾರತ ಅನ್ನುವ ಹೆಸರೇ ಇಲ್ಲ. ಕೊನೆಗೆ ಮೂರು ವರ್ಷದ ತಾರೀಖು ತೋರಿಸಿ ತಲೆ ಅಲ್ಲಾಡಿಸಿದಳು. ಫೋನಿನಲ್ಲಿ ಏನೋ ಬರೆದು ನಮ್ಮ ಕಡೆ ತಿರುಗಿಸಿದಳು: ‘ಕ್ಷಮಿಸಿ, ಇದರ ಮೇಲೆ ನಿಮಗೆ ಕಾರು ಕೊಡಲು ಆಗುವುದಿಲ್ಲ.’ ಆಮೇಲೆ ಎದ್ದು ನಿಂತು ತಲೆ ಬಗ್ಗಿಸಿದಳು. ತಪ್ಪು ಅವಳದ್ದಲ್ಲ, ಆದರೂ ನಮ್ಮ ಎದುರು ಅವಳು ಹಾಗೆ ಬಗ್ಗಿದ್ದು ನೋಡಿ ನನಗೆ ಅಳು ಬಂತು.

ಅಲ್ಲಿ ಕುಳಿತೇ ವಿಷಯ ತಿಳಿದುಕೊಂಡೆವು. ಜಪಾನಿನಲ್ಲಿ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಕೊಟ್ಟ ಐಡಿಪಿ ಮಾತ್ರ ನಡೆಯುತ್ತದೆ. ಭಾರತವೂ ಆ ಒಪ್ಪಂದದಲ್ಲಿದೆ. ನಮ್ಮ ಆರ್‌ಟಿಓ ಕೊಡುವುದು ಅದೇ ನಮೂನೆಯದ್ದು. ಅದರ ಅವಧಿ ಒಂದೇ ವರ್ಷ. ಮೂರು ವರ್ಷ, ಹತ್ತು ವರ್ಷ ಅಂತ ಅಂತರ್ಜಾಲದಲ್ಲಿ ಮಾರುವುದೆಲ್ಲ ಖಾಸಗಿಯವರು ಅಚ್ಚು ಹಾಕಿಸಿದ ಪುಸ್ತಕ. ನಮ್ಮ ಏಜೆಂಟ್ ಅಂಥ ಒಂದು ವೆಬ್‌ಸೈಟಿನಿಂದ ತರಿಸಿ ಮೇಲೆ ತನ್ನ ದುಡ್ಡು ಹಾಕಿ ಕೊಟ್ಟಿದ್ದ.

ಒಂದು ಮಾತು ಇಲ್ಲಿ ಹೇಳಲೇಬೇಕು. ‘ಇನ್ನೊಂದು ಸಣ್ಣ ಅಂಗಡಿ ನೋಡೋಣ, ಅಷ್ಟು ಗಮನಿಸದೆ ಕೊಟ್ಟರೂ ಕೊಡಬಹುದು’ ಅಂತ ಇವರು ಒಮ್ಮೆ ಅಂದರು. ನಾನು ಬೇಡವೇ ಬೇಡ ಅಂದೆ. ಆ ಪುಸ್ತಕ ಇಟ್ಟುಕೊಂಡು ಕಾರು ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ ಲೆಕ್ಕ. ಅದಕ್ಕೆ ಅಲ್ಲಿ 3 ವರ್ಷದ ತನಕ ಜೈಲು ಅಥವಾ 5 ಲಕ್ಷ ಯೆನ್ ತನಕ ದಂಡ. ಯಾರಿಗಾದರೂ ಗುದ್ದಿದರೆ ವಿಮೆಯನ್ನೂ ನಂಬುವ ಹಾಗಿಲ್ಲ. ಕಾರು ಸಿಗದೇ ಹೋದದ್ದು ನಮ್ಮ ಪುಣ್ಯ ಅಂತಲೇ ಈಗಲೂ ಅನ್ನಿಸುತ್ತದೆ.

ಇಯಾದ ಎರಡು ರಾತ್ರಿಯ ದುಡ್ಡು ಪೂರ್ತಿ ಹೋಯಿತು. ಅದೇ ದಿನ ರದ್ದು ಮಾಡಿದರೆ ನೂರಕ್ಕೆ ನೂರು ಕಡಿತ ಅಂತ ಮೊದಲೇ ಬರೆದಿತ್ತು. ಮತ್ಸುಯಾಮಾದ ರೂಮಿನದ್ದು ಅರ್ಧ ಹೋಯಿತು. ಕಾರಿನ ಮುಂಗಡ, ಆ ರಾತ್ರಿಗೆ ಹುಡುಕಿದ ಹೊಸ ರೂಮು, ಎಲ್ಲ ಸೇರಿ 62,000 ರೂಪಾಯಿ. ಏಜೆಂಟಿಗೆ ಕೊಟ್ಟ 13,000 ಬೇರೆ. ದುಡ್ಡು ಹೋದದ್ದಕ್ಕಿಂತ, ಆ ಬಳ್ಳಿಯ ಸೇತುವೆ ನೋಡಲೇ ಇಲ್ಲವಲ್ಲ ಅನ್ನುವುದು ಜಾಸ್ತಿ ಚುಚ್ಚುತ್ತದೆ.

ಉಳಿದದ್ದು ಸೈಕಲ್. ಲೋಕಲ್ ರೈಲಿನಲ್ಲಿ ಇಪ್ಪತ್ತು ನಿಮಿಷದ ಒನೊಮಿಚಿಗೆ ಹೋದೆವು. ಅಲ್ಲೂ ಏಜೆಂಟ್ ಹೇಳಿದ್ದ ಒಂದು ಮಾತು ಸುಳ್ಳಾಯಿತು. ‘ಬ್ಯಾಟರಿ ಸೈಕಲ್ ತಗೊಳ್ರಿ, ಇಮಾಬಾರಿಯಲ್ಲಿ ಬಿಟ್ಟು ಬರ್ರಿ’ ಅಂದಿದ್ದ. ಅಲ್ಲಿನ ಸರ್ಕಾರಿ ಬಾಡಿಗೆ ಸೈಕಲ್ ಕೇಂದ್ರಗಳಲ್ಲಿ ಸಾದಾ ಸೈಕಲ್ಲನ್ನು ಬೇರೆ ಕೇಂದ್ರದಲ್ಲಿ ಬಿಡಬಹುದು. ಬ್ಯಾಟರಿ ಸೈಕಲ್ಲನ್ನು ತಗೊಂಡ ಜಾಗಕ್ಕೇ ತರಬೇಕು. ಹಾಗಾಗಿ ಸಾದಾ ಸೈಕಲ್ಲೇ ತಗೊಂಡೆವು. ಸೈಕಲ್ ತುಳಿಯುತ್ತಾ ಫೋನ್ ಹಿಡಿಯಬೇಡಿ, ಈ ತಿಂಗಳಿಂದ ಶಿಕ್ಷೆ ಜಾಸ್ತಿ ಮಾಡಿದ್ದಾರೆ ಅಂತ ಅಲ್ಲಿದ್ದ ಹಿರಿಯರು ಸನ್ನೆಯಲ್ಲೇ ತಿಳಿಸಿದರು. ಹೆಲ್ಮೆಟ್ಟಿನ ಪಟ್ಟಿ ತಾವೇ ಬಿಗಿ ಮಾಡಿ ಕೊಟ್ಟರು.

ಮೊದಲು ಒಂದು ಸಣ್ಣ ದೋಣಿ, ಐದು ನಿಮಿಷ. ಆಮೇಲೆ ರಸ್ತೆಯ ಎಡ ಅಂಚಿನಲ್ಲಿ ಒಂದು ನೀಲಿ ಗೆರೆ. ಅದನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಸೇತುವೆಗೆ ಹತ್ತುವ ದಾರಿ ಸುತ್ತಿ ಸುತ್ತಿ ಹೋಗುತ್ತದೆ, ಏರು ತೀರಾ ಕಡಿದಲ್ಲ. ಸಾಣಾಪುರದ ಏರು ಹತ್ತಿದ ಕಾಲಿಗೆ ಅದು ಕಷ್ಟ ಅನ್ನಿಸಲಿಲ್ಲ. ಇಕುಚಿ ದ್ವೀಪದಲ್ಲಿ ಎಲ್ಲಿ ನೋಡಿದರೂ ನಿಂಬೆ ತೋಟ. ರಾತ್ರಿ ಅಲ್ಲೇ ಉಳಿದೆವು. ಎರಡನೇ ದಿನ ಕೊನೆಯ ಸೇತುವೆ ಕುರುಶಿಮಾ. ಮೂರು ತೂಗುಸೇತುವೆಗಳನ್ನು ಸಾಲಾಗಿ ಜೋಡಿಸಿದ್ದಾರೆ, ಒಟ್ಟು ಸುಮಾರು 4 ಕಿಲೋಮೀಟರ್. ಗಾಳಿ ಎಷ್ಟಿತ್ತೆಂದರೆ ಹ್ಯಾಂಡಲ್ ಬಿಗಿಯಾಗಿ ಹಿಡಿದು ಹಿಡಿದು ಅಂಗೈ ಕೆಂಪಾಗಿತ್ತು. ಕೆಳಗೆ ಸಮುದ್ರದ ಸೆಳವು ಸುಳಿ ಸುತ್ತುತ್ತಿತ್ತು. ಸೈಕಲ್ ದಾರಿಯ ಪಕ್ಕದಲ್ಲೇ ಕಾರುಗಳ ಹೆದ್ದಾರಿ. ನಡುವೆ ಇವರು ಸೈಕಲ್ ನಿಲ್ಲಿಸಿ ಆ ಕಾರುಗಳನ್ನೇ ನೋಡುತ್ತಾ ನಿಂತರು. “ನಾವೂ ಅದ್ರಾಗ ಇರಬೇಕಿತ್ತು ಅಲ್ಲೇನು” ಅಂದರು. ನಾನು ಏನೂ ಹೇಳಲಿಲ್ಲ.

ಊರಿಗೆ ಬಂದಮೇಲೆ ಏಜೆಂಟನ್ನು ಕೇಳಿದೆವು. “ಬ್ಯಾರೆ ದೇಶದಾಗ ನಡೀತದ, ಜಪಾನಿನವ್ರು ಭಾಳ ಕಟ್ಟುನಿಟ್ಟು” ಅಂದ. ಅವನು ಕೊಟ್ಟಿದ್ದ ರಸೀದಿಯಲ್ಲಿ ‘ಸರ್ವಿಸ್ ಚಾರ್ಜ್’ ಅಂತ ಮಾತ್ರ ಇತ್ತು, ಐಡಿಪಿ ಅನ್ನುವ ಪದವೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ. ನೀವು ಇಂಥ ಯಾವ ಕೆಲಸಕ್ಕೆ ದುಡ್ಡು ಕೊಟ್ಟರೂ ಏನಕ್ಕೆ ಕೊಟ್ಟಿರಿ ಅನ್ನುವುದು ರಸೀದಿಯಲ್ಲಿ ಇರಲಿ.

ಈಗ ನಾವು ಮತ್ತೆ ಹೊರಟಿದ್ದೇವೆ. ಅದೇ ಇಯಾ ಕಣಿವೆಗೆ. ವೀಸಾ ಕೈಗೆ ಬಂದ ಮರುವಾರವೇ ಕೊಪ್ಪಳದ ಆರ್‌ಟಿಓಗೆ ಹೋದೆವು. ಪರಿವಾಹನ್ ವೆಬ್‌ಸೈಟಿನ ಸಾರಥಿ ಭಾಗದಲ್ಲಿ ಅರ್ಜಿ ತುಂಬಬೇಕು. ಅದು ಫಾರ್ಮ್ 4ಎ. ಸರ್ಕಾರಿ ಶುಲ್ಕ 1,000 ರೂಪಾಯಿ. ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳಿದರು. ನನ್ನದು ಸಲೀಸಾಗಿ ಆಯಿತು. ಇವರದ್ದಕ್ಕೆ ತೊಡಕು ಬಂತು. ಲೈಸೆನ್ಸಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇತ್ತು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು. ನಮ್ಮ ಕಡೆ ಬಹಳ ಜನರದ್ದು ಹೀಗೇ ಇರುತ್ತದೆ ಅಲ್ವಾ? ಮೊದಲು ಲೈಸೆನ್ಸಿನ ಹೆಸರು ಸರಿ ಮಾಡಿಸಿ, ಆಮೇಲೆ ಐಡಿಪಿ ತಗೊಂಡೆವು. ಹಾಗಾಗಿ ಹೊರಡುವುದಕ್ಕೆ ಎರಡು ತಿಂಗಳ ಮುಂಚೆಯೇ ಎರಡರ ಹೆಸರೂ ಅಕ್ಷರ ಅಕ್ಷರ ಹೋಲಿಸಿ ನೋಡಿ. ಐಡಿಪಿ ಜೊತೆ ಮೂಲ ಲೈಸೆನ್ಸ್ ಕಾರ್ಡನ್ನೂ ಒಯ್ಯಿರಿ. ಇಲ್ಲಿ ಪೊಲೀಸರಿಗೆ ತೋರಿಸುವ ಹಾಗೆ ಡಿಜಿಲಾಕರ್ ತೋರಿಸಿದರೆ ಅಲ್ಲಿ ಕೆಲಸ ಆಗುವುದಿಲ್ಲ.

ನಿಜವಾದ ಐಡಿಪಿಯೂ ಎಲ್ಲ ದೇಶದಲ್ಲಿ ನಡೆಯುವುದಿಲ್ಲ. ಚೀನಾದಲ್ಲಿ ಯಾವ ಐಡಿಪಿಗೂ ಬೆಲೆಯಿಲ್ಲ. ವಿಯೆಟ್ನಾಂನಲ್ಲಿ 1968ರ ವಿಯೆನ್ನಾ ಒಪ್ಪಂದದ್ದು ಬೇಕು, ನಮ್ಮ 1949ರದ್ದು ಆಗುವುದಿಲ್ಲ. ಟಿಕೆಟ್ ಮಾಡಿಸುವ ಮೊದಲೇ ನೀವು ಹೋಗುವ ದೇಶದ ನಿಯಮ ಓದಿಕೊಳ್ಳಿ. ರೂಮು ಕಾಯ್ದಿರಿಸುವಾಗ, ಕಾರು ಇಲ್ಲದೆ ತಲುಪಲಾಗದ ಊರಿನದ್ದಾದರೆ, ಎರಡು ಕಾಸು ಜಾಸ್ತಿಯಾದರೂ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಹಿಡಿಯಿರಿ.

ಏಜೆಂಟ್ ಕೊಟ್ಟ ಪುಸ್ತಕ, ಆರ್‌ಟಿಓ ಕೊಟ್ಟ ಐಡಿಪಿ, ಎರಡನ್ನೂ ಈಗ ಅಂಗಡಿಯ ಗಲ್ಲಾದ ಮೇಲೆ ಪಕ್ಕಪಕ್ಕ ಇಟ್ಟಿದ್ದೇನೆ. ವಿದೇಶಕ್ಕೆ ಹೊರಟ ಪರಿಚಯದವರು ಗೊಬ್ಬರಕ್ಕೆ ಬಂದರೆ ಎರಡನ್ನೂ ಅವರ ಕೈಗೆ ಕೊಟ್ಟು, ರಟ್ಟಿನ ಮೇಲೆ ‘1949’ ಯಾವುದರಲ್ಲಿದೆ ಹುಡುಕಿ ಅನ್ನುತ್ತೇನೆ. ಹೋದ ವಾರ ಕಾರಟಗಿಯ ಒಬ್ಬ ಹುಡುಗ ಹಾಗೆ ನೋಡುತ್ತಲೇ ಜೇಬಿನಿಂದ ಫೋನ್ ತೆಗೆದು, ತನಗೆ ಮಾಡಿಸಿಕೊಡುತ್ತೇನೆ ಅಂದವನಿಗೆ ಬೇಡ ಅಂತ ಅಲ್ಲೇ ಹೇಳಿದ.