ವಾರಾಂತ್ಯದ ತರಗತಿಯಲ್ಲಿ ‘ಅಂತಾರಾಷ್ಟ್ರೀಯ ಕರಿಯರ್ ಕೌನ್ಸೆಲರ್’ ಆಗಲು ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಾಹೀರಾತು ಮತ್ತೆ ಓಡಾಡುತ್ತಿದೆ. ಬಿಎಡ್ ಆದವರು, ಮನೆಯಲ್ಲಿರುವ ಪದವೀಧರೆಯರು ಶನಿವಾರ, ಭಾನುವಾರ ಆನ್‌ಲೈನ್ ತರಗತಿಗೆ ಕೂತರೆ, ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂದು ಮಕ್ಕಳಿಗೆ ದಾರಿ ಹೇಳುವ ‘ಸರ್ಟಿಫೈಡ್ ಕರಿಯರ್ ಕೌನ್ಸೆಲರ್’ ಆಗುತ್ತಾರಂತೆ, ತಿಂಗಳಿಗೆ ಅರ್ಧ ಲಕ್ಷ ಗಳಿಸುತ್ತಾರಂತೆ. ಹೋದ ವರ್ಷ ನನ್ನ ತಂಗಿ ಸೇರಿದ್ದು ಇದೇ ಕೋರ್ಸಿಗೆ. ಒಟ್ಟು 43,000 ರೂಪಾಯಿ ಹೋಯಿತು. ದೂರು ಗ್ರಾಹಕ ಆಯೋಗದ ಮುಂದಿರುವುದರಿಂದ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೆಸರು ಇವತ್ತೊಂದು ನಾಳೆಯೊಂದು ಆಗಬಹುದು, ಆದರೆ ಅವರು ನಡೆದುಕೊಳ್ಳುವ ರೀತಿ ಬದಲಾಗುವುದಿಲ್ಲ. ಅದನ್ನು ತಿಳಿದಿರಿ.

ತಂಗಿ ಎಂಎ, ಬಿಎಡ್. ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾಗಿದೆ. ಕೇರಳ ಪಿಎಸ್‌ಸಿ ರ‍್ಯಾಂಕ್ ಪಟ್ಟಿಗೆ ಕಾಯುತ್ತಾ ದಿನವೇತನಕ್ಕೆ ಪಾಠ ಮಾಡುತ್ತಾಳೆ. ಜೂನ್‌ನಲ್ಲಿ ಸಿಕ್ಕಿದ ಕೆಲಸ ಮಾರ್ಚ್‌ಗೆ ಮುಗಿಯುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ ‘ಟೀಚರೇ, ಇನ್ನೇನು ಮಾಡುವುದು?’ ಎಂದು ಅವಳನ್ನು ಕೇಳಿಕೊಂಡು ಬರುವುದು ಮೊದಲಿನಿಂದಲೂ ಇತ್ತು. ಆ ಪ್ರಶ್ನೆ ನಮ್ಮ ಊರಿನಲ್ಲಿ ಸಣ್ಣದಲ್ಲ. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ಕೇರಳದ ‘ಸಿಂಗಲ್ ವಿಂಡೋ’ ಆನ್‌ಲೈನ್ ಪ್ರವೇಶ ವ್ಯವಸ್ಥೆಯಲ್ಲಿ ಪ್ಲಸ್ ವನ್‌ಗೆ (ಹನ್ನೊಂದನೇ ತರಗತಿಗೆ) ಅರ್ಜಿ ಹಾಕಬೇಕೋ, ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಪಿಯುಸಿಗೆ ಸೇರಬೇಕೋ? ಅಲ್ಲಿಗೆ ಹೋದರೆ ಮುಂದೆ ಕೇರಳದ ಮೀಸಲಾತಿ ಏನಾಗುತ್ತದೆ? ಇಲ್ಲೇ ಉಳಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಗಡಿನಾಡು ಕನ್ನಡಿಗರ ವಿಭಾಗದಲ್ಲಿ ಸೀಟು ಕೇಳುವುದು ಹೇಗೆ, ಅದಕ್ಕೆ ಬರೆಯಬೇಕಾದ ಕನ್ನಡ ಪರೀಕ್ಷೆ ಯಾವುದು? ಕನ್ನಡ ಬಲ್ಲವರಿಗೆಂದೇ ಪಿಎಸ್‌ಸಿ ಕರೆಯುವ ಹುದ್ದೆಗಳಿಗೆ ಏನು ಓದಿರಬೇಕು? ಇದನ್ನೆಲ್ಲ ಕೂತು ಹೇಳುವವರು ನಮಗೆ ನಿಜವಾಗಿಯೂ ಬೇಕು. ಆ ಕೆಲಸವನ್ನು ಸರಿಯಾಗಿ ಕಲಿತು ಮಾಡಬೇಕು ಎಂಬ ಅವಳ ಆಸೆಯನ್ನೇ ಅವರು ಹಿಡಿದರು.

ಮೊದಲು ಉಚಿತ ವೆಬಿನಾರ್. ಅದರ ಕೊನೆಗೆ, ಇವತ್ತು ರಾತ್ರಿ 12ರೊಳಗೆ ಕಟ್ಟಿದರೆ ಅರ್ಧ ಬೆಲೆ ಎಂಬ ಘೋಷಣೆ. ಆಮೇಲೆ ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ, ‘ಮೇಡಂ, ನಿಮ್ಮ ಜಿಲ್ಲೆಯಲ್ಲಿ ಇನ್ನೂ ಯಾರೂ ಸೇರಿಲ್ಲ, ನೀವೇ ಮೊದಲಿಗರು’ ಎಂದರು. 28,000 ಕಟ್ಟಿದ ಮೇಲೆ ಸಿಕ್ಕಿದ್ದು ಹೆಚ್ಚಾಗಿ ಮೊದಲೇ ರೆಕಾರ್ಡ್ ಮಾಡಿದ ವಿಡಿಯೊಗಳು. ಕೊನೆಗೆ ಒಂದು ಆನ್‌ಲೈನ್ ಪರೀಕ್ಷೆ. ಪಾಸಾಗುವವರೆಗೆ ಎಷ್ಟು ಸಲ ಬೇಕಾದರೂ ಬರೆಯಬಹುದು. ಒಂದು ಮಗುವಿನ ಎದುರು ಕೂತು ಮಾತಾಡಿದ್ದನ್ನು ಯಾರೂ ನೋಡಲಿಲ್ಲ, ತಿದ್ದಲಿಲ್ಲ. ಬಂಗಾರದ ಬಣ್ಣದ ಮೊಹರು ಇರುವ ಸರ್ಟಿಫಿಕೇಟ್ ಮಾತ್ರ ಅದೇ ದಿನ ಇಮೇಲ್‌ಗೆ ಬಂತು.

ಮುಂದಿನದು ಇನ್ನೂ ಕೆಟ್ಟದ್ದು. ಸರ್ಟಿಫಿಕೇಟ್ ಇದ್ದರೆ ಸಾಲದು, ‘ಅಸೆಸ್‌ಮೆಂಟ್ ಕಿಟ್’ ಬೇಕು ಎಂದು ಮತ್ತೆ 15,000 ತೆಗೆದುಕೊಂಡರು. ಕಿಟ್ ಎಂದರೆ ಬೆರಳಚ್ಚು ತೆಗೆಯುವ ಯಂತ್ರ ಮತ್ತು ಸಾಫ್ಟ್‌ವೇರಿನ ಪಾಸ್‌ವರ್ಡ್. ಮಕ್ಕಳ ಹತ್ತು ಬೆರಳಿನ ಅಚ್ಚು ಕಳಿಸಿದರೆ ಡಾಕ್ಟರಾಗುತ್ತಾನೋ ಎಂಜಿನಿಯರಾಗುತ್ತಾನೋ ಎಂದು ಇಂಗ್ಲಿಷಿನಲ್ಲಿ ವರದಿ ಬರುತ್ತದೆ. ಒಂದು ವರದಿಗೆ 2,500 ರೂಪಾಯಿ, ಅರ್ಧ ಕಂಪೆನಿಗೆ. ಡಿಎಂಐಟಿ ಎಂದು ಕರೆಯುವ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯಕೀಯ ಸಂಘವೇ ಹೇಳಿದೆ. ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ ನಿಂತಿರುತ್ತವೆ. ಆ ಮಗು ಶಾಲೆಯಲ್ಲಿ ಏನು ಕಲಿತಿತು, ಅದಕ್ಕೆ ಯಾವುದು ಇಷ್ಟ ಎಂಬುದು ಅವುಗಳಿಗೆ ಹೇಗೆ ಗೊತ್ತಾಗಬೇಕು? ಬೀಡಿ ಕಟ್ಟಿ, ಅಡಿಕೆ ಸುಲಿದು ಮಕ್ಕಳನ್ನು ಓದಿಸುವ ತಾಯಂದಿರಿಂದ ಇದಕ್ಕಾಗಿ ದುಡ್ಡು ಕೇಳುವುದು ನನಗಂತೂ ಪಾಪದ ಕೆಲಸವಾಗಿ ಕಾಣುತ್ತದೆ. ಮಕ್ಕಳ ಬೆರಳಚ್ಚು ಎಲ್ಲಿಗೆ ಹೋಗುತ್ತದೆ, ಯಾರ ಹತ್ತಿರ ಉಳಿಯುತ್ತದೆ ಎಂದು ತಂಗಿ ಕೇಳಿದಾಗ ಉತ್ತರ ಬರಲಿಲ್ಲ. ಅವಳು ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಅವಳು ಕೆಲಸ ಮಾಡುವ ಶಾಲೆಯ ಹೆಡ್ಮಾಷ್ಟ್ರು ಸರ್ಟಿಫಿಕೇಟ್ ನೋಡಿ ಒಂದೇ ಮಾತು ಕೇಳಿದರು: ‘ಟೀಚರೇ, ಕಲಿಸಿದ್ದೂ ಇವರೇ, ಪರೀಕ್ಷೆ ಮಾಡಿದ್ದೂ ಇವರೇ, ಪಾಸು ಅಂದದ್ದೂ ಇವರೇ. ಹೊರಗಿನವರು ಯಾರು ನೋಡಿದ್ದಾರೆ?’ ಎಲ್ಲವೂ ಇರುವುದು ಈ ಪ್ರಶ್ನೆಯಲ್ಲಿ. ಡ್ರೈವಿಂಗ್ ಶಾಲೆಯವರು ಗಾಡಿ ಕಲಿಸಬಹುದು, ಲೈಸನ್ಸ್ ಕೊಡುವುದು ಆರ್‌ಟಿಒ. ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆಂದೇ ಐಎಸ್‌ಒ/ಐಇಸಿ 17024 ಎಂಬ ಮಾನದಂಡವಿದೆ. ತರಬೇತಿಯ ವ್ಯಾಪಾರ ಪರೀಕ್ಷೆಯ ನಿಷ್ಪಕ್ಷಪಾತವನ್ನು ಕೆಡಿಸಬಾರದು, ತಪ್ಪು ಮಾಡಿದವರ ಪ್ರಮಾಣಪತ್ರ ಹಿಂತೆಗೆದುಕೊಳ್ಳುವ ವ್ಯವಸ್ಥೆ ಇರಬೇಕು ಎಂದು ಅದು ಹೇಳುತ್ತದೆ. ತಂಗಿಯ ಸರ್ಟಿಫಿಕೇಟಿನಲ್ಲಿದ್ದದ್ದು ಐಎಸ್‌ಒ 9001. ಅದು ಒಂದು ಕಚೇರಿಯ ನಿರ್ವಹಣಾ ಕ್ರಮಕ್ಕೆ ಸಂಬಂಧಪಟ್ಟದ್ದು. ಅಲ್ಲಿ ಕಲಿತವರು ಕೌನ್ಸೆಲಿಂಗ್ ಬಲ್ಲರೇ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಅದರ ಪಕ್ಕದಲ್ಲಿದ್ದ ‘ಎಂಎಸ್‌ಎಂಇ, ಭಾರತ ಸರ್ಕಾರ’ ಎಂಬ, ಸಣ್ಣ ಉದ್ದಿಮೆಗಳ ಸಚಿವಾಲಯದ ಚಿಹ್ನೆ ನೋಡಿಯೇ ಹೆಚ್ಚಿನವರು ನಂಬುವುದು. 2020ರ ಜುಲೈ 1ರಿಂದ ಬಂದ ಉದ್ಯಮ್ ನೋಂದಣಿ ಅದು. ಸ್ವಯಂ ಘೋಷಣೆಯ ಮೇಲೆ, ಆಧಾರ್ ಕೊಟ್ಟು, ಪೈಸೆ ಖರ್ಚಿಲ್ಲದೆ ಯಾವ ಸಣ್ಣ ಉದ್ದಿಮೆಯೂ ಮಾಡಿಸಿಕೊಳ್ಳಬಹುದು. ಸರ್ಕಾರ ಆ ಕೋರ್ಸನ್ನು ಒಪ್ಪಿದೆ ಎಂಬ ಅರ್ಥ ಅದಕ್ಕಿಲ್ಲ. ಇನ್ನು, ಭಾರತದಲ್ಲಿ ಕರಿಯರ್ ಕೌನ್ಸೆಲರ್ ಆಗಲು ಕಾನೂನಿನ ಲೈಸನ್ಸ್ ಎಂಬುದೇ ಇಲ್ಲ. ಹಾಗಾಗಿ ‘ಸರ್ಕಾರಿ ಲೈಸನ್ಸ್ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಡಿ.

ಲೈಸನ್ಸ್ ಇಲ್ಲ ಎಂದ ಮಾತ್ರಕ್ಕೆ ಈ ವೃತ್ತಿಗೆ ಶಿಸ್ತು ಇಲ್ಲವೆಂದಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದದ್ದು 1908ರಲ್ಲಿ. ಈ ಕೆಲಸ ಮಾಡುವವರ ರಾಷ್ಟ್ರೀಯ ಸಂಘ ಅಲ್ಲಿ 1913ರಲ್ಲಿ ಹುಟ್ಟಿತು. ಕೌನ್ಸೆಲರುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎನ್‌ಬಿಸಿಸಿ ಎಂಬ ರಾಷ್ಟ್ರೀಯ ಮಂಡಳಿ ಬಂದದ್ದು 1982ರಲ್ಲಿ. ಅಷ್ಟು ಕಾಲ ಹಿಡಿಯಿತು, ಯಾಕೆಂದರೆ ಏನು ಓದಿರಬೇಕು, ಎಷ್ಟು ಹೊತ್ತು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರಬೇಕು, ಯಾವ ನೀತಿಸಂಹಿತೆಗೆ ಬದ್ಧರಾಗಿರಬೇಕು ಎಂಬುದು ವಾದಿಸಿ ಒಪ್ಪಬೇಕಾದ ವಿಷಯ. ಪದವಿಯಷ್ಟೇ ಇರುವವರಿಗೂ ತೆರೆದಿರುವ ಜಿಸಿಡಿಎಫ್ (ಗ್ಲೋಬಲ್ ಕರಿಯರ್ ಡೆವಲಪ್‌ಮೆಂಟ್ ಫೆಸಿಲಿಟೇಟರ್) ಎಂಬ ಪ್ರಮಾಣಪತ್ರಕ್ಕೂ 120 ಗಂಟೆಗಳ ತರಬೇತಿ ಬೇಕು, ಅನುಭವ ಬೇಕು, ಕಾಲಕಾಲಕ್ಕೆ ನವೀಕರಿಸಬೇಕು. ತಂಗಿಗೆ ಕೊಟ್ಟ ಕಾಗದದಲ್ಲಿ ‘ಜೀವಮಾನ ಪೂರ್ತಿ ಮಾನ್ಯ’ ಎಂದಿತ್ತು. ಅದು ಮರ್ಯಾದೆಯ ಲಕ್ಷಣವಲ್ಲ, ಅನುಮಾನಪಡಬೇಕಾದ ಲಕ್ಷಣ.

ನಮ್ಮ ದೇಶದಲ್ಲೂ 1954ರಲ್ಲೇ ದೆಹಲಿಯಲ್ಲಿ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನದ ಕೇಂದ್ರೀಯ ಬ್ಯೂರೋ ಶುರುವಾಗಿತ್ತು. ಈಗ ಎನ್‌ಸಿಇಆರ್‌ಟಿ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ನಡೆಸುತ್ತದೆ: 6 ತಿಂಗಳು ದೂರಶಿಕ್ಷಣ, 3 ತಿಂಗಳು ಎದುರು ಕೂತು ಕಲಿಕೆ, 3 ತಿಂಗಳು ಇಂಟರ್ನ್‌ಶಿಪ್. ಅದರ ಕೇಂದ್ರಗಳಲ್ಲಿ ನಮಗೆ ಹತ್ತಿರದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಒಟ್ಟು ಒಂದು ವರ್ಷ ಬೇಕು, ಎದುರು ಕೂತು ಕಲಿಯುವ 3 ತಿಂಗಳು ಮನೆ ಬಿಟ್ಟು ಮೈಸೂರಿನಲ್ಲಿ ಇರಬೇಕು, ಸುಲಭವಲ್ಲ. ಆದರೆ ಅಲ್ಲಿ ನೀವು ಮಕ್ಕಳೊಡನೆ ಕೆಲಸ ಮಾಡುವುದನ್ನು ಇನ್ನೊಬ್ಬರು ನೋಡಿ ತಿದ್ದುತ್ತಾರೆ. ಕೌಶಲ ಕೋರ್ಸು ಎಂದು ಹೇಳಿಕೊಳ್ಳುವವರಾದರೆ, ಪ್ರಮಾಣಪತ್ರಕ್ಕೆ ವೃತ್ತಿ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿವಿಇಟಿಯ ಮಾನ್ಯತೆ ಇದೆಯೇ ಎಂದು ಅವರ ಮಾತಿನಿಂದಲ್ಲ, ಎನ್‌ಸಿವಿಇಟಿಯ ಪಟ್ಟಿಯಿಂದಲೇ ನೋಡಿ.

ಸಿಕ್ಕಿಬಿದ್ದವರಿಗೆ ಇನ್ನೆರಡು ಮಾತು. ತಂಗಿ ದುಡ್ಡು ವಾಪಸು ಕೇಳಿದಾಗ ‘ಡಿಜಿಟಲ್ ಕೋರ್ಸಿಗೆ ರಿಫಂಡ್ ಇಲ್ಲ’ ಎಂದರು. ನೀವು ವ್ಯಾಪಾರಕ್ಕಾಗಿ ಕೊಂಡದ್ದು, ಗ್ರಾಹಕರೇ ಅಲ್ಲ ಎಂದು ಹೆದರಿಸಿದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಬದುಕಲು ಕೊಂಡವರೂ ಗ್ರಾಹಕರೇ. ಕಂಪೆನಿ ಯಾವ ರಾಜ್ಯದಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ದುಡ್ಡು ಹೋಗಿ ಹೆಚ್ಚು ಹೊತ್ತಾಗಿಲ್ಲ, ವಂಚನೆ ಎಂಬುದು ಖಚಿತ ಎಂದಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930. ವಾಟ್ಸಾಪ್ ಸಂದೇಶ, ವೆಬಿನಾರಿನ ಸ್ಕ್ರೀನ್‌ಶಾಟ್, ರಶೀದಿ ಯಾವುದನ್ನೂ ಅಳಿಸಬೇಡಿ. ಅವರು ಗಳಿಕೆಯ ಭರವಸೆ ಕೊಟ್ಟದ್ದಕ್ಕೆ ಬರಹದ ಸಾಕ್ಷಿ ನಮಗೆ ಸಿಕ್ಕಿದ್ದು ಒಂದು ಹಳೆಯ ಸಂದೇಶದಲ್ಲಿ.

ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ತಂಗಿಯ ದೂರು ಇದೆ, ತೀರ್ಪು ಬಂದಿಲ್ಲ. ಒಂದೇ ಸಂಸ್ಥೆಯಿಂದ ಒಂದೇ ರೀತಿ ನಷ್ಟವಾದವರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ದೂರು ಕೊಡಲು ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಬೆರಳಚ್ಚಿನ ಕಿಟ್ ಕೊಂಡು ಮನೆಯಲ್ಲಿ ಇಟ್ಟುಕೊಂಡಿರುವ ಟೀಚರುಗಳು, ಮಾಷ್ಟ್ರುಗಳು ಈ ಕಡೆ ಇನ್ನೂ ಇದ್ದಾರೆಂದು ಕೇಳಿದ್ದೇನೆ. ನಿಮ್ಮ ಪರಿಚಯದವರಾಗಿದ್ದರೆ ರಶೀದಿ ಹುಡುಕಿ ತೆಗೆದಿಡಲು ಹೇಳಿ, ಎರಡು ವರ್ಷ ದಾಟುವ ಮೊದಲು.