ಬೆಳ್ಳುಳ್ಳಿ ‘ಬೀಜ’ದ ಪೊಟ್ಟಣ ಕೊಳ್ಳಬೇಡಿ, ದಪ್ಪ ಗಡ್ಡೆಗೂ ಮರುಳಾಗಬೇಡಿ

ಮಳೆಗಾಲ ಮುಗಿಯುತ್ತಿದ್ದಂತೆ ಆನ್‌ಲೈನ್ ಅಂಗಡಿಗಳಲ್ಲಿ ‘ಹೈಬ್ರಿಡ್ ಬೆಳ್ಳುಳ್ಳಿ ಬೀಜ’ದ ಪೊಟ್ಟಣಗಳು ಕಾಣಿಸಿಕೊಳ್ಳುತ್ತವೆ. ಹೊರಗೆ ಗಡ್ಡೆಯ ಚಿತ್ರ, ಒಳಗೆ ಕಪ್ಪು ಕಾಳು. ದಯವಿಟ್ಟು ಕೊಳ್ಳಬೇಡಿ. ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದೇ ಇಲ್ಲ. ಗಡ್ಡೆಯನ್ನು ಬಿಡಿಸಿ ಎಸಳು ನೆಡುವುದೊಂದೇ ದಾರಿ. ಕಾಳಿನ ರೂಪದಲ್ಲಿ ಯಾರೇ ಮಾರಲಿ, ಅದು ಮೋಸ.

ನಮ್ಮ ಮನೆಗೆ ಬಂದ ಪೊಟ್ಟಣದ ಕಾಳುಗಳು ಚೆನ್ನಾಗಿಯೇ ಮೊಳೆತವು. ಈ ಮೋಸ ದಕ್ಕುವುದೂ ಅದರಿಂದಲೇ. ಸಸಿ ಸ್ವಲ್ಪ ಬೆಳೆದ ಮೇಲೆ ಎಲೆಯನ್ನು ಹಿಚುಕಿ ನೋಡಿದರೆ ಒಳಗೆ ಟೊಳ್ಳು. ಬೆಳ್ಳುಳ್ಳಿಯ ಎಲೆ ಚಪ್ಪಟೆಯಾಗಿದ್ದು ನಡುವೆ ಮಡಿಕೆ ಇರುತ್ತದೆ. ಟೊಳ್ಳು ಎಲೆ ಈರುಳ್ಳಿಯದು. ಮಾರಾಟಗಾರನಿಗೆ ಚಿತ್ರ ಕಳುಹಿಸಿದಾಗ ‘ಗಡ್ಡೆ ಕಟ್ಟುವವರೆಗೆ ಕಾಯಿರಿ’ ಎಂಬ ಉತ್ತರ ಬಂತು. ಅಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಮರುವರ್ಷದ ಪೆಟ್ಟು ಇನ್ನೂ ದೊಡ್ಡದು. ಇನ್ನೊಬ್ಬ ಮಾರಾಟಗಾರ ‘ಹಿಮಾಚಲದ ಬಿತ್ತನೆ ಗಡ್ಡೆ, ಎಲ್ಲ ಊರಿಗೂ ಹೊಂದುತ್ತದೆ’ ಎಂದು ಮಾರುಕಟ್ಟೆಯ ಹಲವು ಪಟ್ಟು ಬೆಲೆಗೆ ಕೊಟ್ಟ. ಎಸಳುಗಳು ದಪ್ಪ, ನಿಜವಾದ ಬೆಳ್ಳುಳ್ಳಿಯೇ. ಬೆಂಗಳೂರಿನ ನಮ್ಮ ಹಿತ್ತಲಲ್ಲಿ ಎಲೆಗಳು ಸೊಂಪಾಗಿ ಬಂದವು. ಮಾರ್ಚ್‌ನಲ್ಲಿ ಕಿತ್ತು ನೋಡಿದರೆ ಬುಡದಲ್ಲಿ ಎಸಳೇ ಒಡೆದಿರಲಿಲ್ಲ. ಬರೀ ದಪ್ಪ ಕಾಂಡ. ಗೊಬ್ಬರದ ಕೊರತೆಯಲ್ಲ, ನೀರಿನ ದೋಷವೂ ಅಲ್ಲ. ಉತ್ತರದ ಗುಡ್ಡಗಾಡಿನ ತಳಿಗಳು ಗಡ್ಡೆ ಕಟ್ಟಲು ಮೊದಲು ಕೊರೆಯುವ ಚಳಿ, ಆಮೇಲೆ ದೀರ್ಘ ಹಗಲು ಬೇಕು. ಬೆಂಗಳೂರಿನ ಅತಿ ದೀರ್ಘ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ಗಡ್ಡೆ ಬಲಿಯುವ ಜನವರಿಯಲ್ಲಂತೂ 12 ಗಂಟೆಗಿಂತ ಕಡಿಮೆ. ಅಗ್ರಿಫೌಂಡ್ ಪಾರ್ವತಿಯಂತಹ ತಳಿ ಅಲ್ಲಿಯ ಬೆಟ್ಟಗಳಿಗೆ ಚಿನ್ನ, ನಮ್ಮ ಬಯಲಿಗೆ ನಷ್ಟ. ತಳಿಯ ಹೆಸರು ಕೇಳಿದಾಗ ಮಾತು ತಿರುಗಿಸುವವನಿಂದ ಒಂದು ಎಸಳನ್ನೂ ಕೊಳ್ಳಬೇಡಿ.

ನಮ್ಮಲ್ಲಿ ನೆಡಲು ಗದಗ, ಹಾವೇರಿ ಕಡೆಯ ಜವಾರಿ ಬೆಳ್ಳುಳ್ಳಿ ಸಿಕ್ಕಿದರೆ ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಗಡ್ಡೆ ಸಣ್ಣದು, ಎಸಳು ಸಪೂರ, ಘಾಟು ಮಾತ್ರ ಅಪ್ಪಟ. ಬೆಳೆದವರಿಂದಲೇ ನೇರವಾಗಿ ಪಡೆದರೆ ಯಾವಾಗ ಕಿತ್ತದ್ದು ಎಂಬುದೂ ತಿಳಿಯುತ್ತದೆ. ಅದು ಮುಖ್ಯ, ಏಕೆಂದರೆ ಹೊಸದಾಗಿ ಕಿತ್ತ ಗಡ್ಡೆ ಕೆಲವು ವಾರ ನಿದ್ರಾವಸ್ಥೆಯಲ್ಲಿರುತ್ತದೆ, ನೆಟ್ಟರೂ ಸರಿಯಾಗಿ ಮೊಳೆಯುವುದಿಲ್ಲ. ಬೇಸಿಗೆಯ ಮೊದಲು ಕಿತ್ತು ನೆರಳಲ್ಲಿ ಒಣಗಿಸಿಟ್ಟದ್ದು ಅಕ್ಟೋಬರ್ ನಾಟಿಗೆ ಹದವಾಗಿರುತ್ತದೆ. ಸುಧಾರಿತ ತಳಿ ಬೇಕಿದ್ದರೆ ಯಮುನಾ ಸಫೇದ್ ಇದೆ. ಪುಣೆ ಬಳಿಯ ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಭೀಮಾ ಪರ್ಪಲ್ ಕೂಡ ಇದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಕೊಳ್ಳುವಾಗ ಗಡ್ಡೆಯ ತಳವನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಾಗಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಬಿಳಿ ಬೂಷ್ಟು ಕಂಡರೆ ಬಿಟ್ಟುಬಿಡಿ. ಬುಡ ಕೊಳೆಸುವ ಫ್ಯುಸೇರಿಯಂ ಶಿಲೀಂಧ್ರ ಒಮ್ಮೆ ಮಣ್ಣು ಸೇರಿತೆಂದರೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಒಂದು ಎಸಳನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಹಸಿರು ಕುಡಿ ಕಂಡರೆ ಅದು ಎಚ್ಚರಗೊಂಡಿದೆ, ತಡಮಾಡದೆ ನೆಡಬಹುದು.

ಈಗಾಗಲೇ ಮೋಸ ಹೋದವರು ಪೊಟ್ಟಣ, ರಸೀದಿ, ಜಾಹೀರಾತಿನ ಚಿತ್ರ ಮತ್ತು ಟೊಳ್ಳು ಎಲೆಯ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಸಣ್ಣ ಮೊತ್ತವೆಂದು ಸುಮ್ಮನಿರಬೇಡಿ. ನಮ್ಮ ಹಣ ವಾಪಸ್ ಬಂದದ್ದು ದೂರು ದಾಖಲಾದ ಮೇಲೆಯೇ.