ವಾಟರ್‌ವರ್ಲ್ಡ್ ಶೋ: ಮುಂದಿನ ಸಾಲಾ, ಮೇಲಿನ ಸಾಲಾ?

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಅನ್ನುವ ಮನರಂಜನಾ ಪಾರ್ಕಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನೀರಿನ ಮೇಲೆ ನಡೆಯುವ ಸಾಹಸದ ಆಟ ವಾಟರ್‌ವರ್ಲ್ಡ್ ಶೋಗೆ ಮಧ್ಯದ ಭಾಗದಲ್ಲಿ, ಮೇಲಿನ ಸಾಲು ಹಿಡಿಯಿರಿ. ನಾವು ಒಂದೇ ದಿನ ಅದನ್ನು ಎರಡು ಸಲ ನೋಡಿದೆವು. ಮಧ್ಯಾಹ್ನ ನಾನು ಕೂತಿದ್ದು ಮುಂದೆ, ಸಂಜೆ ಮೇಲೆ. ಒಂದೇ ಆಟ, ಒಂದೇ ಕಲಾವಿದರ ತಂಡ. ಆದರೆ ನಾನು ಸರಿಯಾಗಿ ನೋಡಿದ್ದು ಸಂಜೆಯದನ್ನು ಮಾತ್ರ.

ಮುಂದೆ ಕೂರುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಯಕ್ಷಗಾನ ಇದ್ದರೆ ಸಂಜೆಯೇ ಹೋಗಿ ರಂಗಸ್ಥಳದ ಬುಡದಲ್ಲಿ ಜಾಗ ಹಿಡಿಯುತ್ತಿದ್ದೆವು. ಅಲ್ಲಿ ಹತ್ತಿರ ಕೂತರೇ ಚೆಂದ. ಬಣ್ಣದ ವೇಷದ ಕಣ್ಣು ಕಾಣಬೇಕು, ಚೆಂಡೆ ಎದೆಗೆ ಬಡಿಯಬೇಕು. ಹಾಗಾಗಿ ಇಲ್ಲೂ ಬಾಗಿಲು ಬಿಟ್ಟ ಕೂಡಲೇ ನಾನು, ನಮ್ಮವರು, ಮಗ ಮೂವರೂ ಕೆಳಗಿನ ಸಾಲಿಗೆ ಓಡಿದೆವು. ನೀರು ಬೀಳುವ ಸೀಟುಗಳಿಗೆ ಗುರುತು ಹಾಕಿರುತ್ತಾರೆ. ಗೊತ್ತಿದ್ದೇ ಕೂತೆವು. ಬೆಂಗಳೂರಿನಿಂದಲೇ ಮೂರು ಮಳೆಕೋಟು ತಂದಿದ್ದೆ, ಒಂದಕ್ಕೆ ಅರವತ್ತು ರೂಪಾಯಿ.

ಅತ್ತೆ ಬರಲಿಲ್ಲ. ಅವರು ಗುಬ್ಬಿ ಕಡೆಯವರು. ಗುಬ್ಬಿ ವೀರಣ್ಣನವರ ಕಂಪನಿಯವರು ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತರುತ್ತಿದ್ದರಲ್ಲ, ಅದನ್ನು ನೋಡಿದ್ದ ಅಪ್ಪನಿಂದ ಕಥೆ ಕೇಳಿ ಬೆಳೆದವರು. "ಆನೆ ನೋಡೋಕೆ ಹಿಂದೆ ಕೂರ್ಬೇಕು ಕಣಮ್ಮ. ಮುಂದೆ ಕೂತ್ರೆ ಕಾಲು ಮಾತ್ರ ಕಾಣುತ್ತೆ ಅಂತಿದ್ರು ನಮ್ಮಪ್ಪ" ಅಂದರು. ಒಂದೊಂದೇ ಮೆಟ್ಟಿಲು ಹಿಡಿದು ಮೇಲೆ ಹೋಗಿ ಕೂತರು. ನಾನು ಆಗ ಆ ಮಾತಿಗೆ ಗಮನ ಕೊಡಲಿಲ್ಲ.

ಕಥೆ ದೊಡ್ಡದೇನಲ್ಲ. 1995ರ ಅದೇ ಹೆಸರಿನ ಸಿನಿಮಾದಿಂದ ತೆಗೆದುಕೊಂಡಿದ್ದು. ಭೂಮಿಯೆಲ್ಲ ನೀರಲ್ಲಿ ಮುಳುಗಿದೆ. ಉಳಿದ ಜನ ನೀರಿನ ಮೇಲೆ ಕಬ್ಬಿಣ, ತಗಡು ಜೋಡಿಸಿ ಕೋಟೆ ಕಟ್ಟಿಕೊಂಡಿದ್ದಾರೆ. ಎಲ್ಲೋ ಒಣ ನೆಲ ಇದೆ ಅನ್ನುವ ಸುದ್ದಿ ತರುತ್ತಾಳೆ ಹೆಲೆನ್. ಅದಕ್ಕಾಗಿ ಡೀಕನ್ ಅನ್ನುವ ಖಳ ದಂಡು ಕಟ್ಟಿಕೊಂಡು ಬರುತ್ತಾನೆ. ನಾಯಕ ಮ್ಯಾರಿನರ್ ಅವಳನ್ನು ಕಾಪಾಡುತ್ತಾನೆ. ಮಾತೆಲ್ಲ ಇಂಗ್ಲಿಷ್. ಅರ್ಥ ಆಗದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ, ಅತ್ತೆಗೆ ಎಲ್ಲ ತಿಳಿಯಿತು. ಒಟ್ಟು ಇಪ್ಪತ್ತು ನಿಮಿಷದ ಆಟ. ಪಾರ್ಕಿನ ಟಿಕೆಟ್‌ನಲ್ಲೇ ಸೇರಿದೆ.

ಈಗ ಒದ್ದೆಯಾದ ವಿಷಯ.

ಆಟ ಶುರುವಾಗುವ ಮೊದಲೇ ಕಲಾವಿದರು ಬಕೆಟ್ಟಿನಲ್ಲಿ ನೀರು ತುಂಬಿ ಜನರ ಮೇಲೆ ಎರಚುತ್ತಾರೆ. ಮಕ್ಕಳು ಕೂಗಿ ಕೂಗಿ ಇನ್ನೂ ಹಾಕಿಸಿಕೊಳ್ಳುತ್ತಾರೆ. ಮಗನ ಖುಷಿ ನೋಡಿ ನನಗೂ ಖುಷಿಯೇ ಆಯಿತು. ಎರಡನೇ ಬಕೆಟ್ಟಿಗೆ ನನ್ನ ಮಳೆಕೋಟು ಕಂಕುಳಲ್ಲಿ ಹರಿಯಿತು. ಅದೂ ಪರವಾಗಿಲ್ಲ ಅಂದುಕೊಂಡೆ. ತೊಂದರೆ ಆಗಿದ್ದು ಕನ್ನಡಕದಿಂದ.

ಎರಡೂ ಗಾಜಿನ ಮೇಲೆ ಹನಿ ಕೂತುಬಿಟ್ಟವು. ಒರೆಸೋಣ ಅಂದರೆ ದುಪಟ್ಟಾ ಒದ್ದೆ, ಕುರ್ತಾದ ತುದಿ ಒದ್ದೆ, ನಮ್ಮವರ ಕರ್ಚೀಫೂ ಒದ್ದೆ. ಒರೆಸಿದಷ್ಟೂ ನೀರು ಗಾಜಿನ ತುಂಬ ಹರಡಿಕೊಂಡಿತು. ಕೋಟೆಯ ಬಾಗಿಲಿನಿಂದ ಜೆಟ್ ಸ್ಕೀಗಳು, ಅಂದರೆ ನೀರಿನ ಮೇಲೆ ಓಡುವ ಬೈಕಿನಂಥವು, ನುಗ್ಗಿ ಬಂದಾಗ ನನಗೆ ಕಂಡಿದ್ದು ಎರಡು ಹಳದಿ ಗೆರೆ. ಕನ್ನಡಕ ತೆಗೆದರೆ ನನಗೆ ಹತ್ತು ಅಡಿ ಆಚೆಗೆ ಯಾರ ಮುಖವೂ ಗೊತ್ತಾಗುವುದಿಲ್ಲ. ಹಾಕಿದರೂ ಇಲ್ಲ, ತೆಗೆದರೂ ಇಲ್ಲ. ಕೊನೆಗೆ ಪರ್ಸಿನ ಒಳಗಿನ ಜಿಪ್ಪಿನಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು, ಒಣಗಿದ್ದು. ಅದರಲ್ಲಿ ಒಂದು ಗಾಜು ಒರೆಸಿಕೊಂಡೆ. ಅಷ್ಟರಲ್ಲಿ ಮತ್ತೊಂದು ಜೆಟ್ ಸ್ಕೀ ನಮ್ಮೆದುರಿಗೇ ತಿರುಗಿತು.

ಆಟ ಮುಗಿದ ಮೇಲೂ ಒದ್ದೆಯ ಗೋಳು ಮುಗಿಯಲಿಲ್ಲ. ಸಿಂಗಪುರದ ಗಾಳಿಯಲ್ಲಿ ತೇವ ಜಾಸ್ತಿ, ಬಟ್ಟೆ ಬೇಗ ಒಣಗುವುದಿಲ್ಲ. ಮಗನ ಜೀನ್ಸ್ ಸಂಜೆವರೆಗೂ ಭಾರವಾಗಿ ಜೋತುಬಿದ್ದಿತ್ತು. ನಮ್ಮವರ ಶೂ ಹೆಜ್ಜೆಗೊಮ್ಮೆ ಪಚಕ್ ಪಚಕ್ ಅನ್ನುತ್ತಿತ್ತು. ಸಾಕ್ಸ್ ಹಿಂಡಿದರೆ ನೀರು ಧಾರೆಯಾಗಿ ಇಳಿಯಿತು. ಹಾಗೇ ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ ಹೋದೆವು. ಅದು ಕಟ್ಟಡದ ಒಳಗೆ, ಎಸಿ. ಕ್ಯೂನಲ್ಲಿ ಮಗನ ತುಟಿ ನಡುಗುವುದು ನೋಡಿ ಕರುಳು ಚುರುಕ್ ಅಂತು. ಹೊರಗೆ ಬಂದು ಬಿಸಿಲಲ್ಲಿ ಅರ್ಧ ಗಂಟೆ ಸುಮ್ನೆ ಕೂತೆವು. ನಾಲ್ಕು ಜನರ ಟಿಕೆಟ್‌ಗೆ ನಮ್ಮ ಮನೆಯ ಒಂದು ತಿಂಗಳ ರೇಷನ್ನು, ಕರೆಂಟ್ ಬಿಲ್ಲು ಎರಡೂ ಆಗುವಷ್ಟು ದುಡ್ಡು ಕೊಟ್ಟಿದ್ದೆವು. ಅಂಥ ದಿನದಲ್ಲಿ ಬಟ್ಟೆ ಒಣಗಿಸಿಕೊಂಡು ಕೂತ ಅರ್ಧ ಗಂಟೆ ನನಗೆ ತುಂಬಾ ಬೇಜಾರಾಯಿತು.

ಹಾಗೆ ಕೂತಾಗಲೇ ಅತ್ತೆ ತಾವು ನೋಡಿದ್ದನ್ನು ಹೇಳತೊಡಗಿದ್ದು. "ಆ ಎತ್ತರದಿಂದ ಬೆಂಕಿ ಹತ್ತಿಕೊಂಡು ಬಿದ್ನಲ್ಲ, ಅವ್ನು ಹೇಗೆ ಬದುಕಿದ್ನೇ?" ಅಂದರು. ನಾನು ನಮ್ಮವರ ಮುಖ ನೋಡಿದೆ. ಅವರಿಗೂ ಗೊತ್ತಿಲ್ಲ. ನಾವಿಬ್ಬರೂ ಆಗ ತಲೆ ಬಗ್ಗಿಸಿ ಮಗನ ಮಳೆಕೋಟು ಸರಿಮಾಡುತ್ತಿದ್ದೆವು. "ಇನ್ನೊಂದ್ ಸಲ ನೋಡೋಣ, ಬಾರೇ. ಈ ಸಲ ನನ್ ಜೊತೆ ಕೂತ್ಕೋ" ಅಂದರು ಅತ್ತೆ.

ಸಂಜೆ ಅವರ ಪಕ್ಕ, ಮೇಲಿನ ಸಾಲಿನಲ್ಲಿ ಕೂತೆ. ಇಡೀ ಕೋಟೆ ಒಂದೇ ನೋಟಕ್ಕೆ ಸಿಕ್ಕಿತು. ಎಡಗಡೆ ಗೋಪುರದಲ್ಲಿ ಇಬ್ಬರು ಹೊಡೆದಾಡುತ್ತಿದ್ದರೆ ಬಲಗಡೆ ಒಬ್ಬ ಹಗ್ಗದಲ್ಲಿ ಜಾರಿ ಬರುತ್ತಿರುತ್ತಾನೆ, ಕೆಳಗೆ ನೀರಲ್ಲಿ ಜೆಟ್ ಸ್ಕೀ ಒಂದನ್ನೊಂದು ಅಟ್ಟುತ್ತಿರುತ್ತವೆ. ಮೂರೂ ಒಟ್ಟಿಗೆ. ಮುಂದೆ ಕೂತಾಗ ಎದುರಿನ ನೀರಿನ ಪರದೆಯ ಆಚೆ ಇಷ್ಟೆಲ್ಲ ನಡೆಯುತ್ತಿದೆ ಅಂತಲೇ ಗೊತ್ತಾಗಿರಲಿಲ್ಲ. ಬೆಂಕಿಯ ಉಂಡೆ ಎದ್ದಾಗ ಬಿಸಿ ಮೇಲಿನವರೆಗೂ ಬಂದು ಕೆನ್ನೆಗೆ ತಾಗಿತು. ಅವನು ಉರಿಯುತ್ತಾ ಬಿದ್ದ. ನಾನು ಅತ್ತೆಯ ಕೈ ಹಿಡಿದುಕೊಂಡೆ. ಅಷ್ಟು ಎತ್ತರದಿಂದ ಒಂದೇ ದಿನ ಎರಡು ಸಲ ಬಿದ್ದ ಆ ಕಲಾವಿದನಿಗೆ ನಿಂತು ಚಪ್ಪಾಳೆ ಹೊಡೆಯಬೇಕು ಅನ್ನಿಸಿತು, ಹೊಡೆದೆ.

ಫೋಟೋ, ವಿಡಿಯೋ ಎರಡಕ್ಕೂ ಮೇಲಿನ ಸಾಲೇ ಒಳ್ಳೆಯದು. ಮಾತು ಎರಡೂ ಕಡೆ ಚೆನ್ನಾಗಿ ಕೇಳುತ್ತದೆ.

ಮುಂದಿನ ಸಾಲು ಗೆಲ್ಲುವುದು ಒಂದೇ ಒಂದು ಕಡೆ, ವಿಮಾನದ ದೃಶ್ಯದಲ್ಲಿ. ಕೊನೆಯಲ್ಲಿ ಕೋಟೆಯ ಗೋಡೆಯ ಹಿಂದಿನಿಂದ ನೀರಿಗಿಳಿಯುವ ವಿಮಾನವೊಂದು ಹಾರಿ ಬಂದು, ನೀರಿಗೆ ಅಪ್ಪಳಿಸಿ, ಜನರ ಎದುರಿಗೇ ಬಂದು ನಿಲ್ಲುತ್ತದೆ. ಮುಂದೆ ಕೂತವರಿಗೆ ಅದು ತಮ್ಮ ಮೇಲೇ ಬರುತ್ತಿದೆ ಅನ್ನಿಸುತ್ತದೆ. ಒಂದೇ ಗಾಜಿನಲ್ಲಿ ನೋಡಿದರೂ ನಾನು ಕಿರುಚಿಬಿಟ್ಟೆ. ಮೇಲಿನಿಂದ ಅದು ಚೆಂದ ಕಾಣುತ್ತದೆ, ಆದರೆ ಅಷ್ಟು ಭಯ ಆಗುವುದಿಲ್ಲ. ಮಗ ಈಗಲೂ ಮುಂದಿನ ಸಾಲೇ ಬೆಸ್ಟ್ ಅಂತಾನೆ. ಅವನ ವಯಸ್ಸಿಗೆ ಅದೇ ಸರಿ, ಅಲ್ವಾ?

ಒಂದೇ ಸಲ ನೋಡುವಷ್ಟು ಸಮಯ ಇದ್ದರೆ, ಕನ್ನಡಕ ಹಾಕುವವರು, ಜೊತೆಗೆ ಹಿರಿಯರಿರುವವರು, ಆಮೇಲೆ ಎಸಿ ಒಳಗೆ ರೈಡಿಗೆ ಹೋಗುವವರು ಮೇಲೆ ಕೂರಿ. ಅರ್ಧ ಗಂಟೆ ಮೊದಲೇ ಹೋದರೆ ಮಧ್ಯದ ಸೀಟು ಸಿಗುತ್ತದೆ. ಮಕ್ಕಳು ಹಟ ಹಿಡಿದರೆ ಮನೆಯವರಲ್ಲಿ ಒಬ್ಬರು ಮಾತ್ರ ಅವರ ಜೊತೆ ಕೆಳಗೆ ಹೋಗಲಿ, ಶೂ ಬಿಚ್ಚಿ ರಬ್ಬರ್ ಚಪ್ಪಲಿ ಹಾಕಿಕೊಂಡು. ಮಳೆಕೋಟು ಕೊಳ್ಳುವ ದುಡ್ಡಿಗೆ ಒಂದು ತೆಳು ಟವೆಲ್ಲು ತಗೊಳ್ಳಿ. ಅದು, ಮಗುವಿಗೆ ಒಂದು ಜೊತೆ ಬಟ್ಟೆ, ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೆ ಕೂತವರ ಮಡಿಲಲ್ಲಿ ಇಟ್ಟು ಹೋಗಿ.